ದೋಣಿ ಹಾಯಲೆಂದು ಎತ್ತರಿಸಿದ ಸೇತುವೆ

ಸೊಲ್ಲಾಪುರದಲ್ಲಿ ನಮ್ಮದು ಪಾತ್ರೆಗಳ ಅಂಗಡಿ. ಪಾತ್ರೆ ಎಂದರೆ ಮದುವೆಗೆ ಕೊಡುವ ಸ್ಟೀಲಿನ ತಾಟು, ಡಬ್ಬಿ ಎಂದು ತಿಳಿಯಬೇಡಿ. ಅದು ಲಗ್ನಸರಾಯಿಯ, ಅಂದರೆ ಮದುವೆ ಕಾಲದ, ವ್ಯಾಪಾರ. ವರ್ಷವಿಡೀ ನಮ್ಮ ಹೊಟ್ಟೆ ಹೊರೆಯುವುದು ನೀರು ತುಂಬಿಡುವ ಸಾಮಾನು: ಕೊಡ, ಬಕೀಟು, ಬ್ಯಾರಲ್, ಮುಚ್ಚಳವಿರುವ ಡ್ರಮ್ಮು. ಕೆಲವು ದಿನಕ್ಕೊಮ್ಮೆ ನಳಕ್ಕೆ ನೀರು ಬರುವ ಊರಿನಲ್ಲಿ ಈ ವ್ಯಾಪಾರಕ್ಕೆ ಸಾವಿಲ್ಲ. ದಿನಾ ನೀರು ಕೊಡುತ್ತೇವೆಂದು ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರು ಹೇಳುತ್ತಾರೆ. ಕೇಳಿದಾಗೆಲ್ಲ ನನಗೆ ನಾಗರಿಕನಾಗಿ ಸಂತೋಷವಾಗುತ್ತದೆ, ಅಂಗಡಿಕಾರನಾಗಿ ಎದೆ ಧಸಕ್ಕೆನ್ನುತ್ತದೆ. ಇಲ್ಲಿಯವರೆಗೆ ಎರಡಕ್ಕೂ ಕಾರಣ ಒದಗಿಲ್ಲ.

ಅಂಗಡಿಯ ಮೇಲೆಯೇ ಮನೆ. ಹಿತ್ತಲ ಬಾಗಿಲು ತೆರೆದರೆ ನಾಲಾ. ಯಾವ ಕಾಲದಲ್ಲೋ ಕೆರೆಯ ಹೆಚ್ಚಿನ ನೀರು ಹೊರಹೋಗಲು ತೋಡಿದ ಕಾಲುವೆ ಅದು. ಮಳೆಗಾಲದಲ್ಲಿ ನಾಲ್ಕು ದಿನ ಕೆಂಪು ನೀರು, ಉಳಿದ ದಿನ ನಡುವೆ ಒಂದು ಕಪ್ಪು ಗೆರೆ, ಅದರ ಪಕ್ಕ ಹಂದಿಗಳು. ಅದರ ಆಚೆ ದಂಡೆಯಲ್ಲಿ ನಮ್ಮ ಹಿತ್ತಲ ಬಾಗಿಲಿಗೆ ನೇರ ಎದುರಾಗಿ ಇನ್ನೊಂದು ಹಿತ್ತಲ ಬಾಗಿಲು. ಅದು ನನ್ನ ಚಿಗವ್ವನ ಮನೆ, ಅಂದರೆ ಅವ್ವನ ತಂಗಿಯ ಮನೆ.

ಈ ಎದುರುಬದುರು ಆಕಸ್ಮಿಕವಲ್ಲ. ಅಕ್ಕಲಕೋಟದ ನನ್ನ ಅಜ್ಜ ದೊಡ್ಡ ಮಗಳನ್ನು ಈ ದಂಡೆಗೆ ಕೊಟ್ಟ ಮೇಲೆ, ಸಣ್ಣ ಮಗಳಿಗೆ ಬಂದ ಒಳ್ಳೊಳ್ಳೆಯ ಸಂಬಂಧಗಳನ್ನೆಲ್ಲ ಬಿಟ್ಟು ಆ ದಂಡೆಯ ಮನೆಗೆ ಕೊಟ್ಟನಂತೆ. ಗಂಡಿನ ಕಡೆಯವರು ಹೊಲ ಎಷ್ಟು, ಅಂಗಡಿ ಎಂಥದು ಎಂದು ಹೇಳಹೊರಟರೆ ಅವನು ತಡೆದು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಹಿತ್ತಲಿನಿಂದ ನನ್ನ ದೊಡ್ಡ ಮಗಳ ಹಿತ್ತಲು ಕಾಣುತ್ತದೆಯೇ? ಕಾಣುತ್ತದೆ ಎಂದರು. ಸ್ವತಃ ಬಂದು ನಿಂತು ನೋಡಿ, ಹೂಂ ಎಂದ. ಹೀಗೆ ಒಂದು ನಾಲಾದ ಅಗಲವನ್ನು ನೋಡಿ ಹೆಣ್ಣು ಕೊಟ್ಟ ಮನುಷ್ಯ ನನಗೆ ತಿಳಿದಂತೆ ಅವನೊಬ್ಬನೇ.

ದಾಟಲು ಒಂದು ಸಾಕವ, ಅಂದರೆ ಪುಟ್ಟ ಕಾಲುಸಂಕ, ಇತ್ತು. ಎರಡು ಹಳೆಯ ರೈಲು ಹಳಿ, ಮೇಲೆ ಶಹಾಬಾದಿ ಫರಶಿ ಕಲ್ಲು, ಒಂದು ಪಕ್ಕಕ್ಕೆ ಹಿಡಿಯಲು ಪೈಪು. ಹಾಕಿದವರು ಯಾರೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಅದು ಗಟ್ಟಿಯಾಗಿತ್ತು. ಮಧ್ಯಾಹ್ನದ ಊಟವಾದ ಮೇಲೆ ಅವ್ವ ಸೆರಗು ಹೊದ್ದು ಅದನ್ನು ದಾಟಿ ತಂಗಿಯ ಮನೆಗೆ ಹೋಗುತ್ತಿದ್ದಳು. ಅಲ್ಲಿ ಮಾತು, ಜಗಳ, ಅಕ್ಕಲಕೋಟದಲ್ಲಿ ಯಾರು ಬದುಕಿದ್ದಾರೆ ಯಾರು ಇಲ್ಲ ಎಂಬ ವಿಚಾರಣೆ. ನಡುವೆ ಶೇಂಗಾ ಚಟ್ನಿ ಕುಟ್ಟುವುದು. ಅದು ಒಬ್ಬರ ಕೆಲಸವಲ್ಲವೆಂದು ಅವರ ತವರಿನ ನಂಬಿಕೆ. ಒಬ್ಬಳು ಕುಟ್ಟಬೇಕು, ಇನ್ನೊಬ್ಬಳು ಏಟು ಏಟಿನ ನಡುವೆ ಒರಳಿಗೆ ಕೈ ಹಾಕಿ ಮಗುಚಬೇಕು. ಅವ್ವ ಕುಟ್ಟುತ್ತಿದ್ದಳು, ಚಿಗವ್ವ ಮಗುಚುತ್ತಿದ್ದಳು. ಇತ್ತೀಚಿನ ವರ್ಷಗಳಲ್ಲಿ ಚಿಗವ್ವನ ಕಣ್ಣು ಮಂಜಾಗುತ್ತ ಬಂದಿತ್ತು. ಹೋದ ಕಣ್ಣು ಬರುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಆದರೂ ಅವಳು ಒರಳಿಗೆ ಕೈ ಹಾಕುವುದನ್ನು ಬಿಡಲಿಲ್ಲ, ಅವ್ವ ಒಮ್ಮೆಯೂ ಆ ಬೆರಳುಗಳ ಮೇಲೆ ಏಟು ಹಾಕಲಿಲ್ಲ.

ಹೀಗಿರುವಾಗ ನಮ್ಮ ನಾಲಾವನ್ನು ಉದ್ಧಾರ ಮಾಡುವ ಯೋಜನೆ ಬಂತು.

ದಂಡೆಯ ವ್ಯಾಪಾರಿಗಳನ್ನೆಲ್ಲ ಒಂದು ಸಭಾಗೃಹಕ್ಕೆ ಕರೆದರು. ಪರದೆಯ ಮೇಲೆ ಚಿತ್ರ ತೋರಿಸಿದರು. ನೀಲಿ ನೀರು, ಬಿಳಿ ದೋಣಿಗಳು, ಅವುಗಳ ಮೇಲೆ ಕಮಾನಿನಂಥ ಕಾಲುಸೇತುವೆ, ದಂಡೆಯಲ್ಲಿ ನಾಯಿ ಹಿಡಿದು ನಡೆಯುವ ಕೆಂಪು ಕೂದಲಿನ ಹೆಂಗಸರು. ಇದು ಮರೀನಾ, ದೋಣಿಗಳು ಬಂದು ನಿಲ್ಲುವ ತಾಣ ಎಂದು ಇಂಜಿನಿಯರರು ಮರಾಠಿಯಲ್ಲಿ ವಿವರಿಸಿದರು. ನಮ್ಮ ಮನೆ ಎಲ್ಲಿದೆ ಎಂದು ಚಿತ್ರದಲ್ಲಿ ಹುಡುಕಿದೆ. ಅಲ್ಲಿ ಒಂದು ಕಾಫಿ ಅಂಗಡಿ ಇತ್ತು. ಪಕ್ಕದ ಕಿರಾಣಿಯವನು ನನ್ನ ಕಿವಿಯಲ್ಲಿ, "ಇಷ್ಟು ಹೆಂಗಸರು ನಮ್ಮ ಗಲ್ಲಿಗೆ ಯಾವಾಗ ಬಂದ್ರೋ ಮಾರಾಯಾ?" ಎಂದ.

ನಾನು ಎದ್ದು ನಿಂತು, ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಸಭೆ ನನ್ನ ಕಡೆ ತಿರುಗಿ ನೋಡಿತು, ಮದುವೆ ಮನೆಯಲ್ಲಿ ಹುಡುಗನ ವಯಸ್ಸು ಕೇಳಿದವನನ್ನು ನೋಡುವಂತೆ. ಅದು ಎರಡನೆಯ ಹಂತದಲ್ಲಿ ಬರುತ್ತದೆ ಎಂದರು. ಮೊದಲ ಹಂತದಲ್ಲಿ ಸೇತುವೆ, ಮೆಟ್ಟಿಲು, ದೀಪ, ದೋಣಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮಲ್ಲಿ ಹೊಸದಲ್ಲವಾದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿ, ಚಹಾ ಕುಡಿದು ಬಂದೆವು.

ಮರುವಾರವೇ ಸಾಕವ ಕಿತ್ತರು. ಕೀಳುವುದು ಯಾವಾಗಲೂ ಮೊದಲ ಹಂತದಲ್ಲೇ ಇರುತ್ತದೆ. ಎರಡೂ ದಂಡೆಗೆ ತಗಡಿನ ಬೇಲಿ ಹೊಡೆದು, ಅದರ ತುಂಬ ಆ ನೀಲಿ ನೀರಿನ ಚಿತ್ರ ಅಂಟಿಸಿದರು. ಅವ್ವ ಹಿತ್ತಲ ಬಾಗಿಲಲ್ಲಿ ನಿಂತರೆ ಈಗ ತಂಗಿಯ ಬಾಗಿಲು ಕಾಣುತ್ತಿರಲಿಲ್ಲ. ನೀರು ಕಾಣುತ್ತಿತ್ತು.

ರಸ್ತೆಯಿಂದ ಹೋಗಬೇಕೆಂದರೆ ಪೇಟೆ ಸುತ್ತಿ, ರೈಲ್ವೆ ಪೂಲಿನ ಕೆಳಗೆ ಹಾದು ಹೋಗಬೇಕು. ನಾನು ಅವ್ವನನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ನಮ್ಮ ಊರಿನ ತಗ್ಗುಗಳು ಎಂಬತ್ತು ದಾಟಿದ ಸೊಂಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೋಗಿ ಬಂದ ಮರುದಿನ ಅವಳು ಹಾಸಿಗೆ ಹಿಡಿಯುತ್ತಿದ್ದಳು, ಎದ್ದ ಕೂಡಲೇ ಮತ್ತೆ ಹೋಗೋಣ ಎನ್ನುತ್ತಿದ್ದಳು. ಕೊನೆಗೆ ನನ್ನ ಹೆಂಡತಿ ಮೊಬೈಲಿನಲ್ಲಿ ಚಿಗವ್ವನ ಮುಖ ತೋರಿಸಿದಳು. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟಳು.

"ನನಗ ಆಕಿ ಕಾಣ್ತಾಳವಾ. ಆಕಿಗೆ ಇದರಾಗ ನಾ ಕಾಣೂದಿಲ್ಲ."

ಅವಳ ಚಿಂತೆ ಅದೊಂದೇ ಆಗಿತ್ತು. ತಂಗಿಯ ಕಣ್ಣಿಗೆ ಬೆಳಕು ಇರುವಷ್ಟು ದಿನ ತನ್ನ ಮುಖ ಅವಳ ಹತ್ತಿರ ಇರಬೇಕು. ಹತ್ತಿರ ಎಂದರೆ ಒಂದು ಮೊಳ ದೂರ, ಅದಕ್ಕಿಂತ ಆಚೆ ಚಿಗವ್ವನಿಗೆ ಎಲ್ಲವೂ ಮಬ್ಬು. ಮಿಕ್ಸರಿನಲ್ಲಿ ಹಾಕಿದ ಚಟ್ನಿಯನ್ನು ಅವ್ವ ಮುಟ್ಟದೆ ಬರಿ ರೊಟ್ಟಿ ಮೊಸರು ತಿಂದು ಏಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಅಭಿವೃದ್ಧಿಯ ಮೇಲೆ ಸಿಟ್ಟು ಮಾಡುವವನು ಹುಚ್ಚನೆನಿಸಿಕೊಳ್ಳುತ್ತಾನೆ.

ಅಂತೂ ಸೇತುವೆ ಎದ್ದಿತು. ನಿಜ ಹೇಳಬೇಕೆಂದರೆ ಚೆಂದವಾಗಿತ್ತು. ಸಂಜೆ ಅದಕ್ಕೆ ನೇರಳೆ ದೀಪ ಹತ್ತುತ್ತಿತ್ತು, ಹೋಟಗಿಯಿಂದ ಬೋರಾಮಣಿಯವರೆಗಿನ ಹಳ್ಳಿಗಳ ಪ್ರಾಯದವರೆಲ್ಲ ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ತೊಂದರೆ ಒಂದೇ: ಅದು ಮನೆಯ ಮಾಳಿಗೆಗಿಂತ ಎತ್ತರವಿತ್ತು. ಏರುವ ಮೆಟ್ಟಿಲು ನೋಡಿದರೆ ಬೆಟ್ಟದ ಮೇಲೆ ಯಾವುದೋ ದೇವರಿರಬೇಕೆನ್ನಿಸುತ್ತಿತ್ತು. ಅವ್ವ ಹೊಸ ಸೀರೆ ಉಟ್ಟು, ಕಟಕಟೆ ಹಿಡಿದು ಏರಲು ಶುರು ಮಾಡಿದಳು. ಅರ್ಧದಷ್ಟೂ ಹೋಗುವ ಮೊದಲೇ ಕೂತುಬಿಟ್ಟಳು. ನಾನು ಮತ್ತು ನನ್ನ ಹೆಂಡತಿ ಎರಡು ಕಡೆ ಹಿಡಿದು ಇಳಿಸುತ್ತಿದ್ದಾಗ ಇಂಜಿನಿಯರರು ಎದುರಾದರು. ಒಳ್ಳೆಯ ಮನುಷ್ಯ, ಅವ್ವನಿಗೆ ತನ್ನ ಬಾಟಲಿಯ ನೀರು ಕೊಟ್ಟರು.

"ಇಷ್ಟ್ಯಾಕ ಎತ್ತರ ಮಾಡೀರಿ ಸಾಹೇಬ್ರ?" ಎಂದು ಅವ್ವ ಕೇಳಿದಳು.

"ಆಜಿ, ಖಾಲೂನ್ ಬೋಟೀ ಜಾಣಾರ್ ನಾ," ಎಂದರು ಅವರು. ಕೆಳಗಿನಿಂದ ದೋಣಿ ಹೋಗಬೇಕಲ್ಲ ಅಜ್ಜಿ, ಎಂದು.

ಅವ್ವ ಕೆಳಗೆ ನೋಡಿದಳು. ಒಂದು ಹಂದಿ ತನ್ನ ಮರಿಗಳೊಂದಿಗೆ ಸೇತುವೆಯ ಕೆಳಗೆ ಹಾಯುತ್ತಿತ್ತು, ಸಾಕಷ್ಟು ಎತ್ತರ ಉಳಿದಿತ್ತು.

"ಅವು ಯಾವಾಗ ಬರ್ತಾವ್ರಿ? ಬರೂತನಕ ಸೇತುವಿ ಕೆಳಗ ಇಟ್ಟಿದ್ರ ನಾವು ದಾಟತಿದ್ವಿ."

ಇಂಜಿನಿಯರರು ನಕ್ಕರು. ಇಳಿಜಾರು ದಾರಿ ಎರಡನೆಯ ಹಂತದಲ್ಲಿದೆ ಎಂದರು. ನೀರು, ಇಳಿಜಾರು, ಮುದುಕರು, ಎಲ್ಲ ಎರಡನೆಯ ಹಂತದಲ್ಲಿದ್ದೆವು.

ಸೇತುವೆಯ ಪಕ್ಕದಲ್ಲೇ ಮರೀನಾ ತಯಾರಾಯಿತು. ನಾಲಾದ ಅಷ್ಟು ಭಾಗವನ್ನು ಅಗಲಿಸಿ, ತಳಕ್ಕೆ ಕಾಂಕ್ರೀಟು ಹಾಕಿ, ಹೊಲಸು ನೀರಿನ ಕಪ್ಪು ಗೆರೆಯನ್ನು ಪೈಪಿನೊಳಗೆ ತಳ್ಳಿ, ಒಂದು ತೊಟ್ಟಿಯ ಹಾಗೆ ಮಾಡಿದರು. ಪ್ರವಾಸಿಗರು ದೋಣಿ ಹತ್ತಲು ಎರಡೂ ದಂಡೆಯಿಂದ ಅಗಲವಾದ ಗಿಡ್ಡ ಮೆಟ್ಟಿಲು, ಕೈಗೆ ಸ್ಟೀಲಿನ ಕಟಕಟೆ. ಒಂದು ದಿನ ಲಾರಿಯಲ್ಲಿ ಹಂಸದ ಆಕಾರದ ದೋಣಿಗಳು ಬಂದವು. ಕೂತು ಕಾಲಿನಿಂದ ತುಳಿಯುವಂಥವು. ನೀರಿಲ್ಲದ್ದರಿಂದ ಅವನ್ನು ತೊಟ್ಟಿಯ ನಡುವೆ ಸಾಲಾಗಿ ಇಟ್ಟು ಹೋದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬಂದಿತ್ತು. ತಗಡಿನ ಬೇಲಿ ತೆಗೆದರು. ದೋಣಿ ಕಾಯಲು ಒಬ್ಬ ವಾಚ್‌ಮನ್‌ನನ್ನು ಕೂರಿಸಿದರು.

ಆಮೇಲೊಂದು ಮಧ್ಯಾಹ್ನ ಅಂಗಡಿಯಿಂದ ಮೇಲೆ ಊಟಕ್ಕೆ ಬಂದರೆ ಅವ್ವ ಇರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಗಾಬರಿಯಿಂದ ಹೋಗಿ ಬಗ್ಗಿ ನೋಡಿದೆ. ಒಣ ಮರೀನಾದ ನಡುವೆ, ಒಂದು ಹಂಸದ ಬೆನ್ನಲ್ಲಿ, ಅವ್ವ ಮತ್ತು ಚಿಗವ್ವ ಪಕ್ಕಪಕ್ಕ ಕೂತಿದ್ದರು. ಆ ದಂಡೆಯಿಂದ ಚಿಗವ್ವನನ್ನು ಅವಳ ಸೊಸೆ ಕೈಹಿಡಿದು ಇಳಿಸಿದ್ದಳು, ಈ ದಂಡೆಯಿಂದ ಅವ್ವ ತಾನೇ ಇಳಿದಿದ್ದಳು. ಇಬ್ಬರೂ ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡಿದ್ದರು.

ನಾನು ವಾಚ್‌ಮನ್‌ನನ್ನು ಕೇಳಿದೆ, ಇದೇನಪ್ಪಾ ಎಂದು.

"ನಿಯಮ ಅದರಿ ಸಾವ್ಕಾರ್ರ," ಎಂದ ಅವನು. "ದೋಣ್ಯಾಗ ಕುಂಡ್ರಬೇಕಂದ್ರ ಜಾಕೆಟ್ ಹಾಕೋಬೇಕು. ನೀರಿರಬೇಕಂತ ಅದರಾಗ ಎಲ್ಲೂ ಬರೆದಿಲ್ಲ."

ಚಿಗವ್ವ ಅವ್ವನ ಮುಖವನ್ನು ಎರಡು ಕೈಯಲ್ಲಿ ಹಿಡಿದು, ತನ್ನ ಮುಖದ ಹತ್ತಿರ ತಂದುಕೊಂಡು ನೋಡುತ್ತಿದ್ದಳು. "ಭಾಳ ಬಾಡೀದಿ ಅಕ್ಕಾ. ಮಗ ಉಣ್ಣಾಕ ಹಾಕೂದಿಲ್ಲೇನು?" ಎಂದಳು. ನಾನು ಅಲ್ಲೇ ನಿಂತಿದ್ದೇನೆಂದು ಅವಳಿಗೆ ಕಂಡಿರಲಿಲ್ಲ. ಕಂಡಿದ್ದರೂ ಅದನ್ನೇ ಹೇಳುತ್ತಿದ್ದಳು. ನನಗೆ ನಗು ಬಂತು. ಆ ಕ್ಷಣ ನಾನು ಆ ಯೋಜನೆಯನ್ನು ಮಾಡಿದವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ. ಅವರಿಗೆ ಗೊತ್ತಿಲ್ಲದೆ ಒಂದು ಒಳ್ಳೆಯ ಕೆಲಸ ಆಗಿತ್ತು.

ಅಂದಿನಿಂದ ಅದೇ ರೂಢಿಯಾಯಿತು. ಚಿಗವ್ವನ ಸೊಸೆ ಸಣ್ಣ ಒರಳನ್ನೂ ತಂದಿಟ್ಟಳು. ಮಧ್ಯಾಹ್ನ ಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳಲು ಬಂದವರು ಕೆಳಗಿನಿಂದ ಟಕಟಕ ಸದ್ದು ಕೇಳಿ ಬಗ್ಗಿ ನೋಡುತ್ತಿದ್ದರು. ಹಂಸದೊಳಗೆ ಲೈಫ್ ಜಾಕೆಟ್ ಹಾಕಿಕೊಂಡ ಇಬ್ಬರು ಮುದುಕಿಯರು ಶೇಂಗಾ ಚಟ್ನಿ ಕುಟ್ಟುತ್ತಿದ್ದರು. ಆ ಚಟ್ನಿ ತಿಂದು ಅವ್ವನ ಮೈಗೆ ಮತ್ತೆ ರಕ್ತ ಬಂತು.

ಇಷ್ಟಾದ ಮೇಲೆ ಉದ್ಘಾಟನೆ ಗೊತ್ತಾಯಿತು. ಮುಂಬಯಿಯಿಂದ ದೊಡ್ಡ ಅತಿಥಿಗಳು ಬರುವವರು, ದೋಣಿಯಲ್ಲಿ ಕೂತು ವಿಹಾರ ಮಾಡುವವರು. ಆದ್ದರಿಂದ ಮರೀನಾಕ್ಕೆ ಟ್ಯಾಂಕರಿನಿಂದ ನೀರು ತುಂಬಿಸಲಾಗುವುದು, ಮತ್ತು ಆ ನೀರು ಇನ್ನು ಮುಂದೆ ಕಾಯಂ ನಿಲ್ಲುವುದು. ಸುದ್ದಿ ಕೇಳಿ ಅವ್ವ ಆ ದಿನ ಊಟ ಮಾಡಲಿಲ್ಲ. ಆಯುಷ್ಯವಿಡೀ ನಳದ ಮುಂದೆ ಕೊಡ ಇಟ್ಟುಕೊಂಡು ನೀರಿಗಾಗಿ ಕಾದ ಹೆಂಗಸು ದೇವರ ಮುಂದೆ ಕೂತು ನೀರು ಬಾರದಿರಲೆಂದು ಬೇಡಿಕೊಂಡಳು.

"ಆಕಿ ಕಣ್ಣು ದೀಪಾವಳಿತನಕ ಇದ್ರ ಭಾಳ ಆತು," ಎಂದಳು ನನಗೆ. "ಅಲ್ಲೀತನಕರೆ ತಡೀರಿ ಅಂತ ಹೇಳು, ತಮ್ಮಾ."

ನಮ್ಮ ವಾರ್ಡಿನಿಂದ ಪಾಲಿಕೆಗೆ ಆರಿಸಿಹೋದ ನಗರಸೇವಕನ ಹತ್ತಿರ ಹೋದೆ. ಕನ್ನಡದವನೇ, ಸಲಿಗೆಯವನೇ. ನನ್ನ ಮಾತು ಮುಗಿಯುವವರೆಗೆ ತಲೆ ಅಲ್ಲಾಡಿಸಿದ.

"ಸಾವ್ಕಾರ್ರ, ನಿಮ್ಮ ಮನಿ ಹಿಂದ ನೀರು ನಿಂದ್ರಾಕತ್ತದ. ನಿಮ್ಮ ಜಾಗಾದ ಕಿಮ್ಮತ್ತು ಎಲ್ಲಿಗೆ ಹೋಗ್ತದ ನೋಡ್ರಿ. ನಿಮ್ಮ ತಾಯಿಯವರಿಗೆ ಬೇಕಂದ್ರ ನಾ ರಿಕ್ಷಾ ಕಳಸ್ತೀನಿ."

ರಿಕ್ಷಾ ಈವರೆಗೂ ಬಂದಿಲ್ಲ.

ಉದ್ಘಾಟನೆಯ ಹಿಂದಿನ ದಿನ ಟ್ಯಾಂಕರುಗಳು ಒಂದರ ಹಿಂದೊಂದು ಬಂದು ಸುರಿದವು. ಸಂಜೆಗೆ ತೊಟ್ಟಿಯಲ್ಲಿ ತೊಡೆಯುದ್ದ ನೀರು ನಿಂತಿತ್ತು, ತಿಳಿಯಾಗಿ, ತಳದ ಕಾಂಕ್ರೀಟು ಕಾಣುವಂತೆ. ಹಂಸಗಳು ಮೊದಲ ಸಲ ಅಲ್ಲಾಡಿದವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು ಅಂಗಡಿಯಲ್ಲಿ ಕೂತು ಗೊಣಗಿದೆ. ಎರಡು ದಂಡೆಯ ಮೇಲೆ ಇಬ್ಬರೂ ನಿಂತು ನೋಡಿ ಒಳಗೆ ಹೋದರು.

ಮರುದಿನ ನಮ್ಮ ಗಲ್ಲಿಗಳಿಗೆ ನೀರಿನ ಸರದಿ. ಬೆಳಗ್ಗೆ ನಳ ತಿರುಗಿಸಿದರೆ ಬರೀ ಗಾಳಿ ಬುಸುಗುಟ್ಟಿತು. ನಮ್ಮ ನೀರು ಎಲ್ಲಿ ಹೋಗಿದೆಯೆಂದು ಯಾರಿಗೂ ಹೇಳಬೇಕಾಗಿರಲಿಲ್ಲ, ಹಿತ್ತಲಿಗೆ ಹೋದರೆ ಕಾಣುತ್ತಿತ್ತು. ಅತ್ತ ಅತಿಥಿಗಳು ಹತ್ತಕ್ಕೆ ಬರುವವರು ಹನ್ನೊಂದಾದರೂ ಬರಲಿಲ್ಲ. ಬ್ಯಾಂಡಿನವರು ನೆರಳು ಹುಡುಕಿ ಕೂತರು.

ಆಗ ಅವ್ವ ಅಡುಗೆಮನೆಯಿಂದ ಹಿತ್ತಾಳೆಯ ಕೊಡ ಎತ್ತಿಕೊಂಡು ಹೋಗಿ ಮರೀನಾದ ಮೆಟ್ಟಿಲು ಇಳಿದಳು. ನಾನು ಹಿಂದೆ ಓಡಿದೆ. ಮಹಿಳಾ ಪೊಲೀಸೊಬ್ಬಳು ಅಡ್ಡ ಬಂದಳು.

"ಅಜ್ಜಿ, ಇದು ಕುಡಿಯೂ ನೀರಲ್ಲ."

"ನಾ ಕುಡ್ಯಾಕ ಒಯ್ಯಾಕತ್ತಿಲ್ಲವಾ," ಎಂದು ಅವ್ವ ಕೊಡವನ್ನು ಮುಳುಗಿಸಿದಳು.

ನಮ್ಮ ಊರಿನವರಿಗೆ ಒಂದು ಅಭ್ಯಾಸವಿದೆ. ಎಲ್ಲಾದರೂ ಒಂದು ಕೊಡ ತುಂಬುವುದು ಕಂಡರೆ ಅದರ ಹಿಂದೆ ತಮ್ಮ ಕೊಡ ಇಡುತ್ತಾರೆ. ಯಾಕೆ, ಯಾರ ನೀರು ಎಂದು ಆಮೇಲೆ ಕೇಳುತ್ತಾರೆ. ಅವ್ವನ ಹಿಂದೆ ಒಂದು ಪ್ಲಾಸ್ಟಿಕ್ ಕೊಡ ಬಂದು ಕೂತಿತು. ಅದರ ಹಿಂದೆ ಎರಡು ಬಕೀಟು. ನೋಡುನೋಡುತ್ತ ಎರಡೂ ದಂಡೆಯ ಮೆಟ್ಟಿಲ ಮೇಲೆ ಸಾಲು ಹತ್ತಿತು, ಅರ್ಧಕ್ಕಿಂತ ಹೆಚ್ಚು ನಮ್ಮ ಅಂಗಡಿಯದೇ ಮಾಲು. ನಳಕ್ಕೆ ನೀರು ಬಾರದ್ದರಿಂದ ಪಾಲಿಕೆಯವರೇ ಇಲ್ಲಿ ತಂದು ಸುರಿದಿದ್ದಾರೆಂದು ಜನ ಮನಃಪೂರ್ವಕ ನಂಬಿದರು. ಇಷ್ಟು ಒಳ್ಳೆಯ ವ್ಯವಸ್ಥೆ ಹಿಂದೆ ಯಾರೂ ಮಾಡಿರಲಿಲ್ಲ ಎಂದು ಹೊಗಳಿದವರೂ ಇದ್ದರು. ಆಮೇಲೆ ಮೋಟರುಗಳು ಬಂದವು. ನಳದ ನೀರು ಎಳೆಯಲು ಮನೆಮನೆಯಲ್ಲಿ ಗುಟ್ಟಾಗಿ ಇಟ್ಟುಕೊಂಡ ಪುಟ್ಟ ಮೋಟರು ಅಂದು ಬಿಸಿಲಿಗೆ ಬಂದವು. ಹಿತ್ತಲ ಗೋಡೆ ಹಾರಿ ಪೈಪುಗಳು ಮರೀನಾಕ್ಕೆ ಇಳಿದವು. ಪೊಲೀಸರು ಸೀಟಿ ಊದಿದರು. ಒಬ್ಬ ಪೊಲೀಸಪ್ಪನ ಮನೆಯೂ ನಮ್ಮ ಗಲ್ಲಿಯಲ್ಲೇ ಇತ್ತು, ಅವನು ಸೀಟಿ ಜೇಬಿಗೆ ಹಾಕಿ ಮನೆಗೆ ಫೋನು ಮಾಡಿದ.

ಅವ್ವ ತುಂಬಿದ ಕೊಡ ಎತ್ತಲಾರದೆ ನಿಂತಿದ್ದಳು. ನಾನು ತೆಗೆದುಕೊಂಡು ಹೋಗಿ ಹಿತ್ತಲ ಬ್ಯಾರಲಿಗೆ ಸುರಿದು ಬಂದೆ. ಅವಳು ಮತ್ತೆ ಮುಳುಗಿಸಿದಳು. ಎಷ್ಟು ಸಲ ಏರಿ ಇಳಿದೆನೋ ಗೊತ್ತಿಲ್ಲ. ಒಮ್ಮೆ ತಲೆ ಎತ್ತಿ ನೋಡಿದಾಗ ಎದುರು ದಂಡೆಯ ಕೊನೆಯ ಮೆಟ್ಟಿಲ ಮೇಲೆ ಚಿಗವ್ವ ಕೂತಿದ್ದಳು. ಅವಳ ಪಕ್ಕ ಕೊಡವಿರಲಿಲ್ಲ. ಕೈಯಲ್ಲಿ ಒಂದು ತಂಬಿಗೆ. ಕೈಯಾಡಿಸಿ ನೀರು ಹುಡುಕಿ, ತುಂಬಿ, ತೋಳು ಹಿಂದೆ ಬೀಸಿ ದಂಡೆಯ ಮಣ್ಣಿಗೆ ಚೆಲ್ಲುತ್ತಿದ್ದಳು. ಸುತ್ತಲಿನ ಹೆಂಗಸರು, ಯಾಕೆ ಹಾಳು ಮಾಡುತ್ತೀ ಅಜ್ಜಿ ಎಂದು ಬೈಯುತ್ತಿದ್ದರು. ಅವಳು ಕೇಳಿಸಿಕೊಳ್ಳದೆ ಮತ್ತೆ ಬಗ್ಗುತ್ತಿದ್ದಳು.

ಅತಿಥಿಗಳು ಬಂದದ್ದು ಮಧ್ಯಾಹ್ನ. ಅಷ್ಟರಲ್ಲಿ ಹಂಸಗಳು ಮೊದಲಿನ ಹಾಗೆ ನೆಲದ ಮೇಲೆ ಕೂತಿದ್ದವು. ವಿಹಾರವನ್ನು ಕಾರ್ಯಕ್ರಮದಿಂದ ತೆಗೆದು, ಸೇತುವೆಯ ಮೇಲೆ ರಿಬ್ಬನ್ನು ಕತ್ತರಿಸಿದರು. ಏದುಸಿರು ಬಿಡುತ್ತ ಮೇಲೆ ನಿಂತ ಅತಿಥಿಗಳಿಗೆ, ಉಳಿದ ಪಾದ ಮುಳುಗುವಷ್ಟು ನೀರಿನಲ್ಲಿ ಸೀರೆ ಎತ್ತಿ ಹಿಡಿದು ಎದುರುಬದುರು ನಡೆದು ಬರುತ್ತಿದ್ದ ಇಬ್ಬರು ಮುದುಕಿಯರು ಕಂಡರು. ನೋಡಿ, ನಮ್ಮ ತಾಯಂದಿರು ಹೊಸ ಗಂಗೆಯ ಪೂಜೆಗೆ ಇಳಿದಿದ್ದಾರೆ ಎಂದು ಅತಿಥಿಗಳಲ್ಲಿ ಒಬ್ಬರು ಮೈಕಿನಲ್ಲಿ ಹೇಳಿ ಕೈಮುಗಿದರು. ಬ್ಯಾಂಡು ಬಾರಿಸಿತು.

ಆಮೇಲೆ ಮನೆಗೆ ಹೊರಡುವಾಗ ನಾನು ಚಿಗವ್ವನನ್ನು ಕೇಳಿದೆ. ನಿಮ್ಮ ಮನೆಯಲ್ಲೂ ಹನಿ ನೀರಿಲ್ಲ, ಎಲ್ಲರೂ ತುಂಬಿಕೊಳ್ಳುವಾಗ ನೀನೇಕೆ ಮಣ್ಣಿಗೆ ಚೆಲ್ಲುತ್ತಿದ್ದೆ, ಒಂದು ಕೊಡ ಇಟ್ಟುಕೊಳ್ಳಬಾರದಿತ್ತೇ?

ಅವಳು ಅಕ್ಕನ ಕೈ ಬಿಡದೆ, ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಕೊಡ ಇಟ್ಟಿದ್ರ, ಅದು ತುಂಬಿದ ಮ್ಯಾಲ ನಿಂದ್ರಸಬೇಕಾಗ್ತಿತ್ತಲ್ಲೋ ತಮ್ಮಾ."